ಮುಟ್ಟು ನಿಂತ ಮೇಲಿನ ದಾಂಪತ್ಯ

ಹನುಮಂತನಗರದ ಓದುಗ ಸೋದರಿಯೊಬ್ಬರು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಹೆಸರನ್ನು ಪ್ರಕಟಿಸಬಾರದೆಂದು ಎರಡೆರಡು ಸಲ ಅಡಿಗೆರೆ ಎಳೆದು ತಿಳಿಸಿರುವುದರಿಂದ, ಹೆಸರನ್ನಾಗಲಿ ಬೀದಿಯನ್ನಾಗಲಿ ನಾವು ಹೇಳತಕ್ಕದ್ದಲ್ಲ. ವಯಸ್ಸು ೫೧, ಮುಟ್ಟು ನಿಂತು ಮೂರು ವರ್ಷಗಳಾದುವು. ಕಳೆದ ಭಾದ್ರಪದದಲ್ಲಿ ಋಷಿಪಂಚಮಿಯ ವ್ರತವನ್ನು ಹಿಡಿದಾಗ ಅವರ ಅತ್ತೆಯವರು, "ಇನ್ನು ನಿನಗೆ ಹೊರಗಾಗುವುದೆಂಬುದಿಲ್ಲ, ನಿತ್ಯವೂ ಮಡಿಯೇ, ನನ್ನ ಜೊತೆಗೆ ನಡುಮನೆಯಲ್ಲಿ ಮಲಗಿಕೋ" ಎಂದರಂತೆ. ಇವರು ಮರುಮಾತಾಡದೆ ಹಾಸಿಗೆ ಸುತ್ತಿಕೊಂಡು ಬಂದರು. ನೆಂಟರಿಷ್ಟರು ಅದನ್ನು ವೈರಾಗ್ಯವೆಂದು ಹೊಗಳಿದರು. "ಆದರೆ ನಾನು ಎದ್ದು ಬಂದದ್ದು ಮಡಿಗಾಗಿ ಅಲ್ಲ, ನೋವಿಗೆ ಹೆದರಿ" ಎಂದು ಈ ಸೋದರಿಯು ಬರೆಯುತ್ತಾರೆ. ಅದಕ್ಕೆ ವರ್ಷದ ಹಿಂದಿನಿಂದಲೇ ಪತಿಯ ಸಮಾಗಮವು ಉರಿಯಿಂದಲೂ ನೋವಿನಿಂದಲೂ ಸಹಿಸಲಾರದಂತಾಗಿತ್ತು. ಹೇಳಲು ನಾಚಿಕೆ, ಹೇಳದೆ ದೂರ ಸರಿದರು. ಪತಿಯವರಾದರೋ, ತಮ್ಮನ್ನು ಕಂಡರೆ ಈಕೆಗೆ ಜಿಗುಪ್ಸೆ ಹುಟ್ಟಿತೆಂದೇ ಎಣಿಸಿ ಮೌನವಾದರು. ಈಗ ಅವರಿಬ್ಬರ ನಡುವೆ ಹಾಲಿನ ಲೆಕ್ಕ, ಮಾತ್ರೆಯ ಲೆಕ್ಕಗಳ ಹೊರತು ಬೇರೆ ಮಾತಿಲ್ಲ. ಪತ್ರದ ಕೊನೆಯಲ್ಲಿ ಒಂದೇ ಪ್ರಶ್ನೆ: "ಈ ವಯಸ್ಸಿನಲ್ಲಿ ಅದನ್ನು ಬಯಸುವುದು ತಪ್ಪೇ?"

ತಪ್ಪಲ್ಲ. ಉಳಿದುದನ್ನು ಹೇಳುವುದಕ್ಕೆ ಮುಂಚೆ ಇದೊಂದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ.

ಉಪ್ಪಿನಕಾಯಿಗೆ ಬೂಸು ಬಾರದಂತೆ ಮಾಡುವ ಬಗೆಯನ್ನೂ ಮಕ್ಕಳ ನಾಯಿಕೆಮ್ಮನ್ನೂ ಕುರಿತು ನಿಸ್ಸಂಕೋಚವಾಗಿ ಬರೆಯುವ ನಾವು ಈ ವಿಷಯಕ್ಕೆ ಇದುವರೆಗೆ ಕೈಹಾಕದೆ ಇದ್ದುದು ನಮ್ಮದೇ ಅಂಜಿಕೆಯಿಂದ. ಅಂಜಲು ಕಾರಣವೇನೋ ಇರಲಿಲ್ಲ. ೧೧ನೆಯ ಶತಮಾನದಲ್ಲಿಯೇ ಚಂದ್ರರಾಜನು 'ಮದನತಿಲಕ'ವನ್ನು ಕನ್ನಡದಲ್ಲಿ ರಚಿಸಿದನು, ೧೯೩೦ರಲ್ಲಿ ಮೈಸೂರಿನ ಸರ್ಕಾರವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿ ಲೋಕಕ್ಕೇ ಮಾದರಿಯಾಯಿತು, ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು' ಎಷ್ಟೋ ಮನೆಗಳಲ್ಲಿ ಮದುವೆಯ ಹೆಣ್ಣಿನ ಪೆಟ್ಟಿಗೆಯನ್ನು ಸೇರಿತು. ವಧುವಿಗೆ ಕಿವಿಮಾತು ಹೇಳುವವರುಂಟು. ಅವಳೇ ಐವತ್ತನ್ನು ದಾಟಿದಾಗ ಕಿವಿಯ ಬಳಿ ಬರುವವರು ಯಾರೂ ಇಲ್ಲ.

ವ್ರತದ ಮಾತನ್ನು ಮೊದಲು ಮುಗಿಸೋಣ. ಋಷಿಪಂಚಮಿಯ ಕಥೆಯು ಮುಟ್ಟಿನ ದಿನಗಳ ಮಡಿಮೈಲಿಗೆಗೆ ಸಂಬಂಧಪಟ್ಟದ್ದು. ಆ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಆದ ಸ್ಪರ್ಶದೋಷವು ಕಳೆಯಲೆಂದು ಸಪ್ತರ್ಷಿಗಳನ್ನೂ ಅರುಂಧತಿಯನ್ನೂ ಪೂಜಿಸುವುದು. ಅಲ್ಲಿ ವಸಿಷ್ಠರ ಪಕ್ಕದಲ್ಲಿಯೇ ಅರುಂಧತಿಗೂ ಸ್ಥಾನವುಂಟಲ್ಲವೇ? ವ್ರತವನ್ನು ಹಿಡಿದವಳು ಗಂಡನ ಕೋಣೆಯನ್ನು ಬಿಡಬೇಕೆಂಬುದು ವ್ರತಕ್ಕೆ ನಮ್ಮ ಮನೆಗಳು ಹಚ್ಚಿದ ಬಾಲ. ಹಿರಿಯ ಮುತ್ತೈದೆಯರಿಗೆ ರಾತ್ರಿ ಒಬ್ಬರೇ ಮಲಗಲು ಬೇಸರವಾಗುವುದೂ ಇದಕ್ಕೊಂದು ಕಾರಣವಿದ್ದೀತು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಅದನ್ನು ಶಾಸ್ತ್ರವೆಂದು ಕರೆಯಬೇಕಾಗಿಲ್ಲ.

ಇನ್ನು ಶರೀರದ ವಿಚಾರ. ಹನ್ನೆರಡು ತಿಂಗಳು ಒಂದೇಸಮನೆ ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ವೈದ್ಯರು ಎಣಿಸುತ್ತಾರೆ. ಸುಶ್ರುತ ಸಂಹಿತೆಯು ಅದರ ವಯಸ್ಸನ್ನು ೫೦ ಎಂದಿತು. ಇಂದು ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ ೫೧, ನಮ್ಮ ದೇಶದಲ್ಲಿ ೪೬–೪೭ರ ಸುಮಾರು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಅದು ಒಂದೇ ದಿನದಲ್ಲಿ ಬಂದೆರಗುವುದು. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ರಸವು ಇಳಿದುಹೋದ ಮೇಲೆ ಯೋನಿಯ ಒಳಪೊರೆಯು ತೆಳುವಾಗುತ್ತದೆ, ಒಣಗುತ್ತದೆ, ಮೊದಲಿನಂತೆ ಹಿಗ್ಗುವುದಿಲ್ಲ. ಮೊದಲು ತಾನಾಗಿ ಒಸರುತ್ತಿದ್ದ ತೇವವು ತಡವಾಗಿ, ಸ್ವಲ್ಪವೇ ಬರುತ್ತದೆ. ಇದರಿಂದಲೇ ಉರಿ, ಗೀರಿದಂತಹ ನೋವು, ಕೆಲವರಲ್ಲಿ ನಾಲ್ಕು ಹನಿ ರಕ್ತ. ಮೂತ್ರನಾಳಕ್ಕೂ ಇದೇ ಗತಿಯಾದ್ದರಿಂದ ಮೇಲಿಂದ ಮೇಲೆ ಉರಿಮೂತ್ರವೂ ಕಾಡಬಹುದು. ಋತುಬಂಧವಾದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದರ ಒಂದಲ್ಲ ಒಂದು ಲಕ್ಷಣ ಉಂಟು. ಮೈ ಬಿಸಿಯೇರಿ ಬೆವರುವ ತೊಂದರೆಯು ಕಾಲಕ್ರಮದಲ್ಲಿ ತಾನೇ ಶಮನವಾಗುವುದು. ಈ ಶುಷ್ಕತೆಯು ಹಾಗಲ್ಲ, ಉಪಚಾರವಿಲ್ಲದೆ ಬಿಟ್ಟರೆ ಹೆಚ್ಚುತ್ತಲೇ ಹೋಗಬಹುದು. ಸಹಿಸಿಕೊಂಡಿದ್ದರೆ ಸರಿಹೋಗುತ್ತದೆಂಬ ನಮ್ಮ ಹೆಂಗಸರ ಹಳೆಯ ನಂಬಿಕೆಯು ಇಲ್ಲಿ ಕೈಕೊಡುವುದು ಈ ಕಾರಣದಿಂದಲೇ.

ಆದರೆ ಗಮನಿಸಬೇಕಾದುದು ಒಂದುಂಟು. ಕೆಟ್ಟಿರುವುದು ಪೊರೆಯ ತೇವವೇ ಹೊರತು ಸುಖವನ್ನು ಅರಿಯುವ ನರಗಳಲ್ಲ. ಒಮ್ಮೆ ನೊಂದ ಮೈಯು ಮುಂದಿನ ಸಲ ಮೊದಲೇ ಬಿಗಿದುಕೊಳ್ಳುತ್ತದೆ. ಬಿಗಿದುದರಿಂದ ನೋವು ಇಮ್ಮಡಿಯಾಗುತ್ತದೆ. ನಾಲ್ಕು ಸಲ ಹೀಗಾದರೆ ಬಯಕೆಯೇ ಅಡಗಿಹೋಗುತ್ತದೆ. ಅದನ್ನು ಕಂಡವರು 'ವಯಸ್ಸಾಯಿತು' ಎನ್ನುತ್ತಾರೆ. ಆದುದು ವಯಸ್ಸಲ್ಲ, ನೋವು.

ನೋವಿಗೆ ಮದ್ದುಂಟು. ಔಷಧಿಯಂಗಡಿಯಲ್ಲಿ ನೀರಿನಿಂದ ತಯಾರಾದ ಜಾರುಲೇಪ, ಅಂದರೆ ಜೆಲ್, ಯಾವ ಚೀಟಿಯೂ ಇಲ್ಲದೆ ದೊರೆಯುತ್ತದೆ. ಅದು ಆ ಹೊತ್ತಿಗೆ ಬಳಸತಕ್ಕದ್ದು. ಒಳಪೊರೆಯನ್ನು ತೇವವಾಗಿಡುವ ಲೇಪವು ಬೇರೆ, ಅದನ್ನು ವಾರಕ್ಕೆ ಎರಡು ಮೂರು ಸಲ ಹಚ್ಚಿಕೊಳ್ಳಬೇಕು. ಕೊಬ್ಬರಿ ಎಣ್ಣೆಯನ್ನು ಬಳಸುವವರಿದ್ದಾರೆ. ಕೆಲವರಿಗೆ ಒಗ್ಗುತ್ತದೆ, ಆದರೆ ಅದು ರಬ್ಬರಿನ ನಿರೋಧವನ್ನು ಹಾಳುಮಾಡುವುದು. ಸೋಪನ್ನೂ ಡೆಟ್ಟಾಲನ್ನೂ ಒಳಗೆ ಸೋಕಿಸಲೇಬಾರದು. ಶುಚಿಯ ಹೆಸರಿನಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಈ ಹಿಂಸೆಯಿಂದ ಶುಷ್ಕತೆಯು ಇನ್ನಷ್ಟು ಹೆಚ್ಚುತ್ತದೆ.

ಇಷ್ಟರಿಂದ ಗುಣವಾಗದಿದ್ದರೆ ವೈದ್ಯರು ಈಸ್ಟ್ರೋಜನ್ನಿನ ಲೇಪವನ್ನು ಕೊಡುತ್ತಾರೆ: ಸಾಮಾನ್ಯವಾಗಿ ಮೊದಲ ಎರಡು ವಾರ ನಿತ್ಯವೂ, ಆಮೇಲೆ ವಾರಕ್ಕೆ ಎರಡು ಸಲ. ನಾಲ್ಕು ದಿನದಲ್ಲಿ ಫಲ ಕಾಣದೆಂದು ಬಿಟ್ಟುಬಿಡಬಾರದು. ಪೂರ್ಣ ಗುಣಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ೨೦೦೨ರಲ್ಲಿ ಅಮೆರಿಕೆಯ ಒಂದು ದೊಡ್ಡ ಪರೀಕ್ಷೆಯನ್ನು ಅಪಾಯದ ಕಾರಣದಿಂದ ನಡುವೆಯೇ ನಿಲ್ಲಿಸಿದರು. ಅಂದಿನಿಂದ ಹಾರ್ಮೋನ್ ಎಂದೊಡನೆ ಹೆಂಗಸರು ಬೆಚ್ಚುತ್ತಾರೆ. ಆ ಪರೀಕ್ಷೆ ನಡೆದುದು ನುಂಗುವ ಮಾತ್ರೆಗಳ ಮೇಲೆ. ಇಲ್ಲಿ ಹೇಳಿದ ಲೇಪವು ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೂ ಸ್ತನದ ಅರ್ಬುದವನ್ನು ಅನುಭವಿಸಿದವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಪುರುಷ ವೈದ್ಯರ ಮುಂದೆ ಹೇಳಲು ಸಂಕೋಚವಾದರೆ, ಕೋಟೆಯ ಬಳಿಯ ವಾಣಿವಿಲಾಸ ಆಸ್ಪತ್ರೆಯು ೧೯೩೫ರಿಂದ ಹೆಂಗಸರ ಸೇವೆಗೆ ನಿಂತಿದೆ. ಹನುಮಂತನಗರಕ್ಕೆ ದೂರವೂ ಅಲ್ಲ. "ಹೊಟ್ಟೆನೋವು" ಎಂದು ಸುತ್ತಿಬಳಸಿ ಹೇಳಿ ಗ್ಯಾಸಿನ ಮಾತ್ರೆಯೊಡನೆ ಮರಳಬಾರದು. "ಮುಟ್ಟು ನಿಂತ ಮೇಲೆ ಗಂಡನೊಡನೆ ಸೇರಿದರೆ ನೋವು" ಎಂದು ಅಷ್ಟೇ ಶಬ್ದಗಳಲ್ಲಿ ಹೇಳಬೇಕು. ಒಂದು ಎಚ್ಚರಿಕೆಯೂ ಉಂಟು: ವರ್ಷವಿಡೀ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ, ಶುಷ್ಕತೆಯಿಂದಲೇ ಆಯಿತೆಂದು ಊಹಿಸದೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ೫೦ಕ್ಕೆ ಮೊದಲು ಮುಟ್ಟು ನಿಂತವರು ಎರಡು ವರ್ಷ, ಅನಂತರ ನಿಂತವರು ಒಂದು ವರ್ಷ, ಗರ್ಭನಿರೋಧವನ್ನು ಬಿಡಬಾರದು.

ಗಂಡಸರಿಗೂ ನಾಲ್ಕು ಮಾತು ಸಲ್ಲುತ್ತದೆ. ಈ ಪತ್ರಿಕೆಯನ್ನು ಅವರೂ ಓದುತ್ತಾರೆಂಬುದನ್ನು ನಾವು ಬಲ್ಲೆವು. ಐವತ್ತೈದರ ಪತಿಯ ದೇಹವೂ ಇಪ್ಪತ್ತೈದರದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಶಕ್ತಿ ಕುಂದಿದ್ದರೆ ಅದು ಹೃದಯದ ನಾಳಗಳ ರೋಗದ ಮುನ್ಸೂಚನೆಯೂ ಆಗಿರಬಹುದು. ಆದುದರಿಂದ ಅಂಗಡಿಯಿಂದ ಗುಟ್ಟಾಗಿ ಮಾತ್ರೆ ತಂದು ನುಂಗುವುದು ಸಲ್ಲದು. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರಿಗಂತೂ ಅದು ಪ್ರಾಣಕ್ಕೇ ಅಪಾಯ. ಹೆಂಡತಿಯ ವಿಚಾರದಲ್ಲಿ ಬೇಕಾದುದು ಔಷಧಕ್ಕಿಂತ ಹೊತ್ತು. ಈ ವಯಸ್ಸಿನ ಎಷ್ಟೋ ಸ್ತ್ರೀಯರಲ್ಲಿ ಬಯಕೆಯು ಮೊದಲೇ ಎದ್ದು ಕಾದಿರುವುದಿಲ್ಲ. ಮಾತು, ಮೈದಡವುವಿಕೆ, ಸಲಿಗೆಗಳ ಹಿಂದೆ ನಿಧಾನವಾಗಿ ಬರುತ್ತದೆ. ಅವಸರ ಮಾಡಿದವರಿಗೆ ಅದು ಬರುವುದೇ ಇಲ್ಲ. ಕೆಲವು ರಾತ್ರಿ ಸಮಾಗಮವಿಲ್ಲದೆ ಪಕ್ಕದಲ್ಲಿ ಕೈಹಿಡಿದು ಮಲಗುವುದೂ ದಾಂಪತ್ಯವೇ.

ಈಗ ನಮ್ಮ ಸೋದರಿಗೆ. ಮನೆಯಲ್ಲಿ ಒಂದು ಮಾತು ಆಡಲು ಸ್ಥಳವಿಲ್ಲ, ಒಂದು ಕಡೆ ಅತ್ತೆ, ಒಂದು ಕಡೆ ಮಗ ಸೊಸೆ ಎಂದು ಬರೆದಿದ್ದೀರಿ. ನಿಮ್ಮ ಬಡಾವಣೆಯಲ್ಲಿ ರಾಮಾಂಜನೇಯ ಗುಡ್ಡವಿರುವುದು ಮತ್ತೇತಕ್ಕೆ? ಸಂಜೆ ದೇವಸ್ಥಾನಕ್ಕೆಂದು ಇಬ್ಬರೂ ಹೊರಡಿರಿ. ದರ್ಶನ ಮಾಡಿಕೊಂಡು ಸ್ವಲ್ಪ ಹೊತ್ತು ಕುಳಿತಿರಿ. ಹೇಳಬೇಕಾದುದು ಬಹಳವಿಲ್ಲ: "ನಿಮ್ಮ ಮೇಲೆ ಬೇಸರವಿಲ್ಲ, ನನಗೆ ನೋವಾಗುತ್ತಿತ್ತು." ಅವರು ಇಷ್ಟು ದಿನವೂ ಏನೆಂದುಕೊಂಡಿದ್ದರೆಂಬುದನ್ನು ಅವರೇ ಹೇಳಲಿ. ಆಮೇಲೆ ಔಷಧಿಯಂಗಡಿಗೆ ಅವರೇ ಹೋಗಿಬರಲಿ. ಕೋಣೆಯ ಬಾಗಿಲಿಗೆ ಒಳಚಿಲಕವಿಲ್ಲವೆಂದಿದ್ದೀರಿ; ಬಡಗಿಯನ್ನು ಕರೆಸಿ ಅದನ್ನೂ ಹಾಕಿಸಿಬಿಡಿ.

ಹಾಸಿಗೆಯನ್ನು ಮತ್ತೆ ಕೋಣೆಗೆ ಒಯ್ದರೆ ಅತ್ತೆಯವರಿಗೆ ಏನೆಂದು ಹೇಳಲಿ ಎಂದು ಕೇಳಿದ್ದೀರಿ. ಸುತ್ತಿಕೊಂಡು ಬಂದಾಗ ಯಾರಿಗೂ ಕಾರಣವನ್ನು ಹೇಳಿರಲಿಲ್ಲವಷ್ಟೆ, ಹಿಂದಿರುಗುವಾಗಲೂ ಹೇಳಬೇಕಾಗಿಲ್ಲ.