ಅಂಗಳವಿಲ್ಲದ ಮನೆಗೊಂದು ಜೀವ

ಭದ್ರಾವತಿಯ ಪೇಪರ್ ಟೌನಿನಲ್ಲೋ ನ್ಯೂಟೌನಿನಲ್ಲೋ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರನ್ನು ‘ನಿಮ್ಮ ಮನೆಯಲ್ಲಿ ನಾಯಿ ಸಾಕಿದ್ದಿರಾ?’ ಎಂದು ಕೇಳಿದರೆ ನಕ್ಕುಬಿಟ್ಟಾರು. ನಾಯಿಯನ್ನು ಯಾರೂ ಸಾಕಿರಲಿಲ್ಲ. ಅದು ಇತ್ತು, ಅಷ್ಟೆ. ಅನ್ನ ಒಂದು ಮನೆಯದು, ಸಾರು ಇನ್ನೊಂದು ಮನೆಯದು, ನಿದ್ದೆ ಮೂರನೆಯವರ ಜಗುಲಿಯ ಮೇಲೆ. ಬೆಕ್ಕಿಗೆ ಹಿತ್ತಿಲ ಸೌದೆ ರಾಶಿಯೇ ಮನೆ, ಇಲಿಯೇ ಊಟ.

ಅಂಥ ಕ್ವಾರ್ಟರ್ಸ್ ಬಿಟ್ಟು ಬಂದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅಜ್ಜ ಕಾಗದ ಕಾರ್ಖಾನೆಯಲ್ಲಿ ದುಡಿದವರು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, ಸುಮಾರು 20 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಮಗನ ಫ್ಲ್ಯಾಟಿಗೆ ಬಂದು ನೆಲೆಸಿದ್ದಾರೆ. ಮೂರನೆಯ ಮಹಡಿ, ಎರಡು ಕೋಣೆ, ಬಟ್ಟೆ ಒಣಹಾಕುವಷ್ಟೇ ಅಗಲದ ಬಾಲ್ಕನಿ. ಎಂಟನೆಯ ತರಗತಿಯ ಮೊಮ್ಮಗಳಿಗೆ ನಾಯಿಮರಿ ಬೇಕು. ‘ಅದರ ಕೆಲಸ ಯಾರು ಮಾಡ್ತಾರೆ?’ ಎನ್ನುವುದು ಅಮ್ಮನ ಪ್ರಶ್ನೆ. ‘ಅದಕ್ಕೇನು ಕೆಲಸ? ನಮ್ಮ ಕಾಲದಲ್ಲಿ ಯಾರೂ ಏನೂ ಮಾಡ್ತಿರಲಿಲ್ಲ’ ಎನ್ನುವುದು ಅಜ್ಜನ ಉತ್ತರ. ಅಪ್ಪನದು ನಡುವಿನ ದಾರಿ: ‘ಹೆಚ್ಚು ಉಪದ್ರವ ಇಲ್ಲದ್ದು ಯಾವುದಾದರೂ ತಂದರಾಯಿತು.’

ಅಜ್ಜ ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಲೆಕ್ಕದಲ್ಲಿ ಒಬ್ಬ ಕೆಲಸದಾಳು ಬಿಟ್ಟುಹೋಗಿದ್ದಾನೆ. ಅದು ಅಂಗಳ. ನಾಯಿಯನ್ನು ಓಡಾಡಿಸಿದ್ದು, ಅದರ ಹೊಲಸನ್ನು ಮಣ್ಣಾಗಿಸಿದ್ದು, ಬೇಸರ ಕಳೆದದ್ದು, ಮನೆಯವರು ಊರಿಗೆ ಹೋದಾಗ ನೋಡಿಕೊಂಡದ್ದು ಎಲ್ಲವೂ ಅಂಗಳ, ಬೀದಿ ಮತ್ತು ನೆರೆಹೊರೆ. ಮೂರನೆಯ ಮಹಡಿಯಲ್ಲಿ ಈ ಮೂರೂ ಇಲ್ಲ. ಆದ್ದರಿಂದ ‘ಯಾವ ಪ್ರಾಣಿಗೆ ಆರೈಕೆ ಕಡಿಮೆ?’ ಎಂದು ಕೇಳುವ ಬದಲು, ‘ಅಂಗಳ ಮಾಡುತ್ತಿದ್ದ ಕೆಲಸದಲ್ಲಿ ಎಷ್ಟನ್ನು ಈ ಮನೆ ಮಾಡಬಲ್ಲದು, ಯಾರು ಮಾಡುತ್ತಾರೆ, ಎಷ್ಟು ವರ್ಷ?’ ಎಂದು ಕೇಳುವುದು ಸರಿ.

ವರ್ಷಗಳ ಲೆಕ್ಕ

ನಾಯಿಯಿಂದಲೇ ಆರಂಭಿಸಬಹುದು. ಫ್ಲ್ಯಾಟಿನ ನಾಯಿಯನ್ನು ದಿನಕ್ಕೆ ಎರಡು ಬಾರಿಯಾದರೂ ಕೆಳಗಿಳಿಸಿ ಅಡ್ಡಾಡಿಸಬೇಕು. ಒಂದು ಸಲಕ್ಕೆ ಅರ್ಧ ಗಂಟೆ ಎಂದರೂ ವರ್ಷಕ್ಕೆ 365 ಗಂಟೆ. ಮಳೆ ಹಿಡಿದ ಜುಲೈ ತಿಂಗಳಿನಲ್ಲೂ ಇದಕ್ಕೆ ರಜೆಯಿಲ್ಲ. ನಾಯಿಯ ಆಯುಷ್ಯ ಸುಮಾರು 10ರಿಂದ 13 ವರ್ಷ. 13 ವರ್ಷದ ಹುಡುಗಿ ಇಂದು ಮರಿ ತಂದರೆ, ಅದು ಮುದಿಯಾಗುವ ಹೊತ್ತಿಗೆ ಆಕೆ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಲ್ಲ ಮುಗಿಸಿ ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾಳೆ. ಅಂದರೆ ನಾಯಿ ಮಗಳದಾದರೂ ಅದರ ಮುಪ್ಪು ತಾಯಿಯ ಪಾಲಿನದು. ಅಮ್ಮನ ಪ್ರಶ್ನೆಯಲ್ಲಿರುವುದು ಸಿಡುಕಲ್ಲ, ಈ ಲೆಕ್ಕ.

ಇದರ ಅರ್ಥ ಫ್ಲ್ಯಾಟಿನಲ್ಲಿ ನಾಯಿ ಕೂಡದೆಂದಲ್ಲ. ವಸತಿ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆಯಲ್ಲಿ ತಿಳಿಸಿದೆ. ಮನೆಯಲ್ಲಿ ಸದಾ ಒಬ್ಬರು ಇರುತ್ತಾರೆ, ಅವರಿಗೆ ಬೆಳಿಗ್ಗೆ ಸಂಜೆ ನಡೆಯುವ ಅಭ್ಯಾಸವಿದೆ ಎಂದಾದರೆ ನಾಯಿ ಒಳ್ಳೆಯ ಜೊತೆಗಾರ. ಆಗಲೂ ಹಿಮದ ನಾಡಿನ ದಟ್ಟ ಕೂದಲಿನ ತಳಿಗಳನ್ನು ಬಿಟ್ಟು, ನಮ್ಮ ಸೆಖೆಗೆ ಒಗ್ಗಿದ ನಾಡುನಾಯಿಯ ಮರಿಯನ್ನು ತರುವುದೇ ಲೇಸು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವುದನ್ನು ಮುಂದೂಡಬಾರದು. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗಾಗಲಿ ನಾಯಿಗಾಗಲಿ ಉಳಿವಿಲ್ಲವೆಂದೇ ಹೇಳಬೇಕು. ಸರ್ಕಾರಿ ಪಶು ಆಸ್ಪತ್ರೆಗಳಿವೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಪ್ರಾಣಿ ತಂದ ಮೇಲೆ ಅಲ್ಲ, ತರುವ ಮೊದಲೇ ವೈದ್ಯರನ್ನು ಕಂಡು ಮಾತನಾಡುವುದು ಜಾಣತನ.

ಬೆಕ್ಕಿಗೆ ಅಡ್ಡಾಟದ ಹಂಗಿಲ್ಲ. ಮರಳಿನ ತಟ್ಟೆಯನ್ನು ದಿನವೂ ಚೊಕ್ಕಟ ಮಾಡಿದರೆ ಅದು ಮನೆಯೊಳಗೇ ಸುಖವಾಗಿರಬಲ್ಲದು. ಆದರೆ ಬಾಲ್ಕನಿಗೂ ಕಿಟಕಿಗೂ ಬಲೆ ಹಾಕಿಸಬೇಕು. ಬೆಕ್ಕು ಎತ್ತರದಿಂದ ಬಿದ್ದರೂ ಕಾಲೂರಿ ನಿಲ್ಲುತ್ತದೆಂಬ ನಂಬಿಕೆಯ ಮೇಲೆ ಮೂರನೆಯ ಮಹಡಿಯಲ್ಲಿ ಪರೀಕ್ಷೆ ನಡೆಸಬಾರದು. ಅದಕ್ಕೂ ಲಸಿಕೆ ಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕು. ಮನೆಯೊಳಗೆ ಬೆಳೆದ ಬೆಕ್ಕು 15 ವರ್ಷ ಬದುಕುವುದು ಅಪರೂಪವಲ್ಲ.

ಅಂಗಡಿಯಲ್ಲಿ ಸುಲಭ, ಮನೆಯಲ್ಲಿ ಕಷ್ಟ

‘ಉಪದ್ರವ ಇಲ್ಲದ್ದು’ ಎಂದು ಅಂಗಡಿಯವರು ಮೊದಲು ತೋರಿಸುವ ಜೀವಗಳಲ್ಲಿ ಕೆಂಪು ಕಿವಿಯ ಪುಟ್ಟ ಆಮೆಯೂ ಒಂದು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟಿರುವ ಈ ಅಮೆರಿಕದ ಆಮೆ ಊಟದ ತಟ್ಟೆಯಷ್ಟು ಬೆಳೆಯುತ್ತದೆ, 20–30 ವರ್ಷ ಬದುಕುತ್ತದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ, ಅಮೆರಿಕದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಷೇಧಿಸಲಾಯಿತು. ಮಕ್ಕಳು ಅವನ್ನು ಬಾಯಿಗೆ, ಮುಖಕ್ಕೆ ಹಿಡಿಯುತ್ತಿದ್ದುದೇ ಇದಕ್ಕೆ ಕಾರಣ.

ಇನ್ನು ನಕ್ಷತ್ರ ಆಮೆ, ನಮ್ಮ ಹಸಿರು ಗಿಣಿ, ಮೈನಾ. ಇವನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಜ್ಜಿಯ ಮನೆಯ ಪಂಜರದಲ್ಲಿ ಗಿಣಿ ಇತ್ತೆಂಬುದು ಈಗ ಅನುಮತಿಯಾಗದು. ‘ಲವ್ ಬರ್ಡ್ಸ್’ ಎಂದು ನಮ್ಮಲ್ಲಿ ಮಾರುವ ಬಣ್ಣದ ಪುಟ್ಟ ಹಕ್ಕಿ ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜೆರಿಗಾರ್. ಪಂಜರದಲ್ಲೇ ತಲೆಮಾರುಗಳಿಂದ ಬೆಳೆದ ಇದನ್ನು ಸಾಕಲು ಅಡ್ಡಿಯಿಲ್ಲ. ಆದರೆ ಇದು ಗುಂಪಿನ ಹಕ್ಕಿ, ಒಂಟಿಯಾಗಿಡಬಾರದು. ಬೆಳಕು ಹರಿಯುವ ಮೊದಲೇ ಚಿಲಿಪಿಲಿ ಶುರು, ಕಾಳಿನ ಹೊಟ್ಟು ಕೋಣೆಯ ತುಂಬ. ಅಡುಗೆಮನೆಯ ಹತ್ತಿರವಂತೂ ಇಡಲೇಬಾರದು. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಏಳುವ ಆವಿ ಹಕ್ಕಿಗಳ ಪ್ರಾಣ ತೆಗೆಯಬಲ್ಲದು.

ಬುಟ್ಟಿಯಲ್ಲಿ ಮುದ್ದಾಗಿ ಕಾಣುವ ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಹಲ್ಲು ಸವೆಯಲು ಅದಕ್ಕೆ ದಿನವಿಡೀ ಹುಲ್ಲು ಬೇಕು, ಸಿಗದಿದ್ದರೆ ಟಿ.ವಿ. ವಯರಾದರೂ ಆದೀತು. ಭದ್ರಾವತಿಯ ಏಪ್ರಿಲ್ ಬಿಸಿಲಿಗೆ ಕಾದ ತಾರಸಿಯ ಕೆಳಗಿನ ಕೋಣೆ ಅದಕ್ಕೆ ಹೇಳಿದ ಜಾಗವಲ್ಲ.

ಒಂದು ಬಕೆಟ್ ನೀರಿನ ಕೆಲಸ

ಹೀಗೆ ಒಂದೊಂದನ್ನೇ ತೂಗಿ ನೋಡಿದಾಗ, ಶಾಲೆಗೆ ಹೋಗುವ ಮಕ್ಕಳಿರುವ ಹೆಚ್ಚಿನ ಫ್ಲ್ಯಾಟುಗಳಿಗೆ ಹೊಂದುವುದು ಮೀನಿನ ತೊಟ್ಟಿ. ಅದೂ ಮೇಜಿನ ಮೇಲಿಡುವ ದುಂಡು ಗಾಜಿನ ಬೋಗುಣಿಯಲ್ಲ, ಅದರಲ್ಲಿ ಸುತ್ತುವ ಗೋಲ್ಡ್ ಫಿಶ್ ಅಲ್ಲ. ಗೋಲ್ಡ್ ಫಿಶ್ ಅರ್ಧ ಅಡಿಗೂ ಮೀರಿ ಬೆಳೆಯುವ, ಹತ್ತು ವರ್ಷ ಬದುಕಬಲ್ಲ ಮೀನು. ಬೋಗುಣಿಯಲ್ಲಿ ತಿಂಗಳಲ್ಲೇ ಅದು ಸತ್ತರೆ ಅದನ್ನು ‘ಮೀನಿನ ಆಯುಷ್ಯವೇ ಅಷ್ಟು’ ಎಂದುಕೊಳ್ಳುವವರಿದ್ದಾರೆ. ಅದು ಸಾಯುವುದು ತನ್ನದೇ ಹೊಲಸಿನ ಅಮೋನಿಯಾದಿಂದ.

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸಾಕು. ಅದು ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ನೀರೇ 54 ಕಿಲೋ ತೂಗುವುದರಿಂದ ಓದುವ ಮೇಜಿನ ಮೇಲಿಡದೆ ಗಟ್ಟಿ ಸ್ಟ್ಯಾಂಡ್ ಮಾಡಿಸಬೇಕು, ಕಿಟಕಿಯ ನೇರ ಬಿಸಿಲು ತಪ್ಪಿಸಬೇಕು. ಚಿಕ್ಕದೊಂದು ಸ್ಪಂಜಿನ ಫಿಲ್ಟರ್ ಇರಲಿ. ಇದಕ್ಕೆ ಐದಾರು ಗಪ್ಪಿ ಮೀನು ಧಾರಾಳ. ಗಂಡು ಮೀನುಗಳನ್ನಷ್ಟೇ ತರಬೇಕು. ಉದ್ದ ಬಾಲ, ಹೆಚ್ಚು ಬಣ್ಣ ಇರುವುದು ಗಂಡಿಗೇ. ಹೆಣ್ಣೊಂದು ಸೇರಿದರೆ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿಗಳ ಹಿಂಡು ಹುಟ್ಟಿ, ತೊಟ್ಟಿ ಸಾಲದಾಗುತ್ತದೆ.

ದಿನದ ಕೆಲಸ ಎರಡು ನಿಮಿಷ: ಮೀನುಗಳು ಅಷ್ಟರಲ್ಲಿ ತಿಂದು ಮುಗಿಸುವಷ್ಟೇ ಆಹಾರ, ಒಂದು ಚಿಟಿಕೆ. ವಾರದ ಕೆಲಸ ಅರ್ಧ ಗಂಟೆ: ಕಾಲು ಭಾಗ ನೀರು ಅಂದರೆ ಒಂದು ಬಕೆಟ್ ತೆಗೆದು, ಅಷ್ಟೇ ಹೊಸ ನೀರು ತುಂಬುವುದು. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಅದನ್ನು ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ತೆಗೆದ ನೀರನ್ನು ಬಾಲ್ಕನಿಯ ಕುಂಡಗಳಿಗೆ ಹಾಕಬಹುದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕೆಲವು ಗಂಟೆಗಳ ಮಟ್ಟಿಗೆ ಗಾಬರಿಯಿಲ್ಲ. ಮೀನು ಕಡಿಮೆಯಿರುವ ತೊಟ್ಟಿಯ ಲಾಭವೇ ಅದು. ನಾಲ್ಕು ದಿನ ಊರಿಗೆ ಹೋದರೂ ಬೆಳೆದ, ಆರೋಗ್ಯವಂತ ಮೀನು ಉಪವಾಸ ತಾಳುತ್ತದೆ. ಅದಕ್ಕಿಂತ ಹೆಚ್ಚಾದರೆ ಒಂದೊಂದು ಚಿಟಿಕೆಯನ್ನು ಕಾಗದದಲ್ಲಿ ಬೇರೆ ಬೇರೆ ಕಟ್ಟಿ ಪಕ್ಕದ ಮನೆಯವರಿಗೆ ಕೊಡಬೇಕು. ಡಬ್ಬಿಯನ್ನೇ ಕೊಟ್ಟರೆ ಪ್ರೀತಿ ಹೆಚ್ಚಾಗಿ ಮೀನು ಸಾಯುತ್ತದೆ.

ಮೀನಿಲ್ಲದ ತೊಟ್ಟಿಯ ಪರೀಕ್ಷೆ

ತೊಟ್ಟಿ ಮತ್ತು ಮೀನನ್ನು ಒಂದೇ ದಿನ ತರುವುದು ಹೊಸಬರು ಮಾಡುವ ದೊಡ್ಡ ತಪ್ಪು. ವಿಜ್ಞಾನದ ಪುಸ್ತಕದಲ್ಲಿರುವ ಸಾರಜನಕದ ಚಕ್ರ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡೂ ಬ್ಯಾಕ್ಟೀರಿಯಾಗಳು ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಬರಿ ತೊಟ್ಟಿಗೇ ದಿನವೂ ಚಿಟಿಕೆ ಆಹಾರ ಹಾಕುತ್ತಿರಬೇಕು. ಅದು ಕೊಳೆತು ಬರುವ ಅಮೋನಿಯಾವೇ ಅವಕ್ಕೆ ಊಟ. ಮುಂದೆ ಸ್ಪಂಜನ್ನು ತೊಳೆಯುವಾಗಲೂ ನಲ್ಲಿಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು. ಇಲ್ಲವಾದರೆ ಕ್ಲೋರಿನ್ನಿನಿಂದ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ಈ ಆರು ವಾರಗಳೇ ಪಾಲಕರಿಗೆ ಸಿಗುವ ಒಳ್ಳೆಯ ಪರೀಕ್ಷೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಗು ದಿನವೂ ಗುರುತು ಹಾಕಲಿ; ಯಾರೂ ನೆನಪಿಸುವುದು ಬೇಡ. ತಪ್ಪಿದರೆ ಯಾವ ಜೀವವೂ ನರಳುವುದಿಲ್ಲ. ಎಷ್ಟು ದಿನ ತಪ್ಪಿತು, ಯಾಕೆ ತಪ್ಪಿತು ಎಂಬುದು ಮಾತ್ರ ಮನೆಯವರಿಗೆಲ್ಲ ತಿಳಿಯುತ್ತದೆ. ನಾಯಿಮರಿಯ ಮಾತನ್ನು ಆಮೇಲೆ ತೆಗೆಯಬಹುದು.

ಒಂದು ಎಚ್ಚರಿಕೆ ಉಳಿಯಿತು. ಸಾಕು ಎನಿಸಿದಾಗ ಮೀನನ್ನೋ ಆಮೆಯನ್ನೋ ಹೊಳೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುವವರುಂಟು. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆಯವರು ಗಪ್ಪಿ, ಗ್ಯಾಂಬೂಸಿಯಾಗಳನ್ನು ನಿಂತ ನೀರಿಗೆ ಬಿಡುತ್ತ ಬಂದಿದ್ದಾರೆ ನಿಜ. ಆದರೆ ಅದು ಅನ್ಯ ನೀರಿನ ಮೀನು, ನಮ್ಮ ಹೊಳೆಯ ಮೀನಿನ ಮೊಟ್ಟೆ ಮರಿಗಳಿಗೂ ಬಾಯಿ ಹಾಕುತ್ತದೆ. ಶೃಂಗೇರಿಯಲ್ಲಿ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮೀನುಗಳಿರುವುದು ಇದೇ ತುಂಗೆಯಲ್ಲಿ. ಬೇಡವಾದ ಮೀನನ್ನು ಅಂಗಡಿಗೋ, ತೊಟ್ಟಿಯಿರುವ ಇನ್ನೊಂದು ಮನೆಗೋ ಕೊಡಬೇಕು. ತುಂಗೆಗೂ ಬೇಡ, ಭದ್ರೆಗೂ ಬೇಡ.

ಮತ್ತೆ ಆ ಮನೆಗೆ ಬಂದರೆ, ಹುಡುಗಿಯ ಕ್ಯಾಲೆಂಡರಿನಲ್ಲಿ ಆರು ವಾರಕ್ಕೆ ನಾಲ್ಕು ದಿನ ಖಾಲಿ. ನಾಲ್ಕೂ ಕಿರುಪರೀಕ್ಷೆಯ ವಾರದವು. ಆಕೆ ಆಮೇಲೆ ಗುರುತು ಹಾಕಿ ತುಂಬಿಸಲಿಲ್ಲ, ಖಾಲಿಯೇ ಬಿಟ್ಟಿದ್ದಳು. ಅಮ್ಮ ಅದನ್ನು ನೋಡಿದರು, ಬೈಯಲಿಲ್ಲ. ‘ಪರೀಕ್ಷೆಯ ದಿನಗಳಲ್ಲಿ ನಾನು ಹಾಕ್ತೀನಿ ಬಿಡು’ ಎಂದರು ಅಜ್ಜ. ಮುಂದಿನ ಭಾನುವಾರ ಮೂರು ಮೀನು ಬಂದವು. ಎರಡು ವಾರ ನೋಡಿ ಇನ್ನೆರಡು ತರುವುದೆಂದು ತೀರ್ಮಾನವಾಗಿದೆ.