ಘಟ್ಟದ ದಾರಿಗೆ ಬೈಕಿನ ಮಾರ್ಪಾಟು
ರಜೆಯಲ್ಲಿ ಊರಿಗೆ ಹೋದ ನಮ್ಮ ಹೋಟೆಲು ತರುಣರು 100 ಸಿ.ಸಿ.ಯ ಹಗುರ ಬೈಕಿನಲ್ಲಿ ಆಗುಂಬೆಯ 14 ತಿರುವುಗಳನ್ನು ಏರಿಳಿಯುವುದುಂಟು. ಅದಕ್ಕೆಂದು ಹಲವರು ಮೊದಲು ಬದಲಿಸುವುದು ಸೈಲೆನ್ಸರನ್ನು! ಸದ್ದು ಘಟ್ಟ ಹತ್ತಿಸದು. ಹಿಂಚಕ್ರದ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಹೆಚ್ಚಿದರೆ ಓಟ ತುಸು ಕುಗ್ಗಿ, ಏರಿನಲ್ಲಿ ಎಳೆತ ಹೆಚ್ಚುತ್ತದೆ. ಇಳಿತದಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಪೆಟ್ರೋಲು ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವವನ ಡ್ರಮ್ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದು.

ಆದರೆ ತಯಾರಕರ ಮೂಲ ವಿವರಕ್ಕೆ ಭಿನ್ನವಾದ ಮಾರ್ಪಾಟು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಯಾ ಆರು ತಿಂಗಳವರೆಗೆ ಸೆರೆ, ಯಾ ಎರಡೂ. ಕಿವಿ ಕೊರೆಯುವ ಸೈಲೆನ್ಸರನ್ನೂ ಜೀವ ಉಳಿಸುವ ಹಲ್ಲುಚಕ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮಗೆ ನ್ಯಾಯವೆನಿಸದು. ಸುರಕ್ಷೆಯ ಮಾರ್ಪಾಟಿಗೆ ಸುಲಭವಾದ ಅನುಮತಿಯ ದಾರಿ ಬೇಕು. ಸದ್ಯಕ್ಕೆ, ಅದೇ ಅಳತೆಯ ಹೊಸ ಟಯರಿಗೂ ಹೊಸ ಬ್ರೇಕ್ ಶೂವಿಗೂ ಯಾರ ಅಪ್ಪಣೆಯೂ ಬೇಡ.