ಮದುವೆ ಮನೆಗೆ ಉದ್ದನೆಯ ಕಾರು

ಕಳಲೆಯ ಒಂದು ಮನೆಯಲ್ಲಿ ಮದುವೆ ಎಂದಿಟ್ಟುಕೊಳ್ಳಿ. ಧಾರೆ ನಂಜನಗೂಡಿನ ಛತ್ರದಲ್ಲಿ. ಅಡಿಗೆಯವರು, ವಾಲಗದವರು, ಶಾಮಿಯಾನದವರು ಎಲ್ಲ ಗೊತ್ತಾಗಿದ್ದಾರೆ. ಉಳಿದಿರುವುದು ಮದುಮಕ್ಕಳ ಕಾರು. ‘ಇರೋದು ಒಬ್ಬಳೇ ಹಿರಿ ಮಗಳು ಭಾವ, ಬೆಂಗಳೂರಿನಿಂದ ದೊಡ್ಡ ಕಾರೇ ಬರಲಿ’ ಎನ್ನುತ್ತಾರೆ ಸೋದರಮಾವ. ಯಜಮಾನರು ಬಾಡಿಗೆ ಎಷ್ಟಾಗುತ್ತದೆಂದು ಕೇಳುತ್ತಾರೆ. ಹತ್ತನೆಯ ತರಗತಿಯ ಕಿರಿ ಮಗಳು ಕೇಳುವ ಪ್ರಶ್ನೆಯೇ ಬೇರೆ: ‘ಅಪ್ಪ, ಅಷ್ಟುದ್ದದ ಕಾರು ನಮ್ಮ ಬೀದಿ ಹಂಪ್ಸ್ ದಾಟುತ್ತಾ?’

ಎಲ್ಲರೂ ನಗುತ್ತಾರೆ. ಆದರೆ ಅದು ನಗುವ ಪ್ರಶ್ನೆಯಲ್ಲ.

ಕಳಲೆಗೆ ದೊಡ್ಡಸ್ತಿಕೆ ಹೊಸದಲ್ಲ. ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು ಕೊಟ್ಟ ಮನೆತನದ ಊರಿದು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಸೇತುವೆ ಕಟ್ಟಿಸಿದ್ದು ದಳವಾಯಿ ದೇವರಾಜ. ಆದರೆ ಹಳೆಯ ಊರುಗಳ ಬೀದಿಗಳು ಎತ್ತಿನ ಗಾಡಿಯ ಅಳತೆಯವು. ಅಲ್ಲಿಗೆ ಲಿಮೋಸಿನ್ ಬರುವುದೆಂದರೆ ಮೊದಲು ಅಳತೆಗೋಲು ಹಿಡಿಯಬೇಕು.

ಲಿಮೋಸಿನ್ ಎಂದರೆ ಹಿಂದೆ ಕುಳಿತವರ ಸುಖಕ್ಕಾಗಿಯೇ ಮಾಡಿದ ಉದ್ದನೆಯ ಕಾರು. ಮೊದಲ ಕಾಲದ ಇಂಥ ಕಾರುಗಳಲ್ಲಿ ಯಜಮಾನರು ಮುಚ್ಚಿದ ಕೋಣೆಯೊಳಗೆ, ಚಾಲಕ ಮಾತ್ರ ಗಾಳಿ ಬಿಸಿಲಿನಲ್ಲಿ! ಚಾಲಕನನ್ನು ಕರೆಯುವ ‘ಷೋಫರ್’ ಎಂಬ ಫ್ರೆಂಚ್ ಪದಕ್ಕೆ ‘ಬೆಂಕಿ ಕಾಯಿಸುವವನು’ ಎಂದು ಅರ್ಥ. ಉಗಿಯಿಂದ ಓಡುತ್ತಿದ್ದ ಗಾಡಿಗಳ ನೆನಪು ಅದರಲ್ಲಿ ಉಳಿದಿದೆ. ಇಂಥ ಕಾರುಗಳು ಈಗ ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತವೆ. ಅಲ್ಲಿನ ಕ್ಷೌರಿಕ ವೃತ್ತಿಯ ರಮೇಶ್ ಬಾಬು 1990ರ ದಶಕದಲ್ಲಿ ಕೊಂಡ ಒಂದು ಮಾರುತಿ ಓಮ್ನಿಯಿಂದ ಬಾಡಿಗೆ ವ್ಯವಹಾರ ಬೆಳೆಸಿ, 2011ರಲ್ಲಿ ರೋಲ್ಸ್ ರಾಯ್ಸ್ ಕಾರನ್ನೇ ಕೊಂಡು ಹೆಸರಾದರು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಮಾದರಿ ರಸ್ತೆ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ. ಅದು 17 ಮೀ. ತ್ರಿಜ್ಯವಿರುವ ದೊಡ್ಡ ವೃತ್ತದ ಒಂದು ಚೂರು. ಕಾರಿನ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಇರುವ ದೂರ ಆ ವೃತ್ತದ ಒಂದು ಜ್ಯಾ. ರೇಖಾಗಣಿತದ ಪ್ರಕಾರ, ಕಾರಿನ ಹೊಟ್ಟೆಯ ಕಡೆಗೆ ಉಬ್ಬು ಏರಿಬರುವ ಎತ್ತರ ಸುಮಾರಾಗಿ ಜ್ಯಾದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು.

ಇನ್ನೋವಾ ಕ್ರಿಸ್ಟಾ ಕಾರಿನಲ್ಲಿ ಈ ದೂರ 2.75 ಮೀ. ಅದರ ವರ್ಗವನ್ನು 136ರಿಂದ ಭಾಗಿಸಿದರೆ ಬರುವುದು 5.6 ಸೆಂ.ಮೀ. ರೋಲ್ಸ್ ರಾಯ್ಸ್ ಫ್ಯಾಂಟಮ್‌ನಲ್ಲಿ ದೂರ ಸುಮಾರು 3.55 ಮೀ.; ಉತ್ತರ 9.3 ಸೆಂ.ಮೀ. ಉದ್ದ ಹೆಚ್ಚಿದ್ದು ಶೇ. 30ಕ್ಕಿಂತ ಕಡಿಮೆ, ಉಬ್ಬು ಏರಿದ್ದು ಶೇ. 65ಕ್ಕಿಂತ ಹೆಚ್ಚು! ವರ್ಗದ ಮಹಿಮೆ ಇದು. ಹೊಟ್ಟೆಯಡಿ ಜಾಗ ಎರಡಕ್ಕೂ ಒಂದೇ ಆಗಿದ್ದರೂ ತಗಲುವುದು ಉದ್ದನೆಯದಕ್ಕೇ ಮೊದಲು.

ಇದು ಅಳತೆಯಂತೆ ಮಾಡಿದ ಉಬ್ಬಿನ ಮಾತು. ಊರಿನವರು ಒಂದು ರಾತ್ರಿ ಜಲ್ಲಿ, ಸಿಮೆಂಟು ಸುರಿದು ಏರಿಸಿದ ಕಿರಿದಾದ ದಿಬ್ಬ 18 ಸೆಂ.ಮೀ. ಇದ್ದರೆ, ಗಾಲಿಗಳು ಅದರ ಆಚೆ ಈಚೆ ನಿಂತಾಗ ಅಷ್ಟೂ ಎತ್ತರ ಕಾರಿನ ಹೊಟ್ಟೆಯ ಕೆಳಗಿರುತ್ತದೆ. ಐದು ಜನ ಕುಳಿತಾಗ ಸ್ಪ್ರಿಂಗು ಕುಗ್ಗಿ ಇರುವ ಜಾಗವೂ ಕಡಿಮೆಯಾಗುತ್ತದೆ. ಆಗ ಮದುಮಗಳು ಸೆರಗು ಹಿಡಿದು ಬೀದಿಗಿಳಿದು ನಿಲ್ಲಬೇಕಾಗುತ್ತದೆ.

ತಿರುವಿನಲ್ಲೂ ಇದೇ ಕಥೆ. ಹಿಂದಿನ ಗಾಲಿ ನೇರವಾಗಿಯೇ ಇರುವ ಕಾರಿನಲ್ಲಿ ಮುಂದಿನ ಗಾಲಿಯನ್ನು 35 ಡಿಗ್ರಿ ಹೊರಳಿಸಿದರೆ, 2.75 ಮೀ. ಅಂತರದ ಕಾರು ಸುಮಾರು 4.8 ಮೀ. ತ್ರಿಜ್ಯದಲ್ಲಿ ತಿರುಗುತ್ತದೆ, 3.55 ಮೀ.ನದು ಬೇಡುವುದು 6.2 ಮೀ. ಕೆಲವು ದುಬಾರಿ ಕಾರುಗಳು ಈ ಕಷ್ಟಕ್ಕಾಗಿಯೇ ಹಿಂದಿನ ಗಾಲಿಯನ್ನೂ ತುಸು ಹೊರಳಿಸುತ್ತವೆ. ಹಾಗಾಗಿ ಕಾರು ಗೊತ್ತುಮಾಡುವ ಮೊದಲು ಮನೆಯಿಂದ ಛತ್ರದವರೆಗೆ ಒಮ್ಮೆ ನಡೆದು ನೋಡಿ ಬರುವುದು ಮೇಲು.

ಬಾಡಿಗೆಯ ಲೆಕ್ಕವೂ ಹೀಗೆಯೇ. ಬಾಡಿಗೆ ಕಾರಿನ ಕಿಲೋಮೀಟರು ಸಾಮಾನ್ಯವಾಗಿ ಅದರ ಶೆಡ್ಡಿನಿಂದಲೇ ಶುರುವಾಗಿ ಶೆಡ್ಡಿನಲ್ಲೇ ಮುಗಿಯುತ್ತದೆ. ಬೆಂಗಳೂರಿನಿಂದ ನಂಜನಗೂಡಿಗೆ ಬಂದು ಹೋಗುವುದಕ್ಕೇ 330 ಕಿ.ಮೀ. ಆಸುಪಾಸು. ಮದುಮಕ್ಕಳು ಕೂರುವುದು ನಾಲ್ಕೈದು ಕಿ.ಮೀ. ಮಾತ್ರ! ಮೈಸೂರಿನಿಂದ ಕರೆಸಿದರೆ ಬಂದು ಹೋಗಲು 50 ಕಿ.ಮೀ. ಸಾಕು. ಟೋಲು, ಡ್ರೈವರ್ ಬಾಟಾ, ಕಾಯುವ ಗಂಟೆಯ ದರ ಇವನ್ನೆಲ್ಲ ಮೊದಲೇ ಚೀಟಿಯಲ್ಲಿ ಬರೆಸಿಕೊಂಡರೆ ಮದುವೆಯ ಮಾರನೆಯ ದಿನ ಜಗಳವಿರುವುದಿಲ್ಲ.

ಆಮೇಲೆ ನಂಬರ್ ಪ್ಲೇಟು. ಬಾಡಿಗೆಗೆ ಓಡುವ ಕಾರಿಗೆ ಹಳದಿ ಹಲಗೆ, ಕಪ್ಪು ಅಕ್ಷರ ಇರಬೇಕು. ವಿದ್ಯುತ್ ಕಾರಾದರೆ ಹಸಿರು ಹಲಗೆ, ಹಳದಿ ಅಕ್ಷರ. ಬಿಳಿ ಹಲಗೆಯ ಸ್ವಂತ ಕಾರನ್ನು ‘ಪರಿಚಯದವರದು, ಕಡಿಮೆಗೆ ಬರುತ್ತೆ’ ಎಂದು ದುಡ್ಡು ಕೊಟ್ಟು ತರುವವರಿದ್ದಾರೆ. ಅಪಘಾತವಾದರೆ, ಬಾಡಿಗೆಗೆ ಓಡಿಸಿದ್ದು ವಿಮೆಯ ಷರತ್ತಿಗೆ ವಿರುದ್ಧ ಎಂದು ಕಂಪನಿ ತಕರಾರು ತೆಗೆಯಬಹುದು. ಉಳಿಸಿದ ಎರಡು ಸಾವಿರದ ಹಿಂದೆ ಲಕ್ಷಗಳ ಕೋರ್ಟು ವ್ಯಾಜ್ಯ ಬರಬಹುದು. ಪರ್ಮಿಟ್ಟು, ಎಫ್.ಸಿ., ವಿಮೆ, ಚಾಲಕನ ಲೈಸೆನ್ಸು ನಾಲ್ಕನ್ನೂ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಇಷ್ಟೆಲ್ಲ ನೋಡಿದವರೂ ಒಂದನ್ನು ಮರೆಯುತ್ತಾರೆ. ಅದು ಚಾಲಕನ ನಿದ್ದೆ.

ಬೆಳಿಗ್ಗೆ 6ಕ್ಕೆ ಎದ್ದ ಚಾಲಕ ಕಾರು ತೊಳೆದು, ಹೂವಿನ ಅಲಂಕಾರ ಮಾಡಿಸಿ, ದೂರದಿಂದ ಓಡಿಸಿಕೊಂಡು ಬಂದು ಆರತಕ್ಷತೆ ಮುಗಿಯುವವರೆಗೆ ಕಾಯುತ್ತಾನೆ. ರಾತ್ರಿ 11ಕ್ಕೆ ಅವನು ಎಚ್ಚರವಾಗಿ 17 ಗಂಟೆಯಾಯಿತು. ‘ನಾಲ್ಕು ಜನ ನೆಂಟರನ್ನ ಮೈಸೂರಿಗೆ ಬಿಟ್ಟು ಬಂದುಬಿಡಪ್ಪ’ ಎನ್ನುತ್ತಾರೆ ಯಾರೋ ಹಿರಿಯರು. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವರಷ್ಟೇ ಕುಗ್ಗಿತ್ತು. ನಮ್ಮ ಮೋಟಾರು ವಾಹನ ಕಾಯಿದೆ ಚಾಲಕನಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ಒಂದು ಹನಿ ಕುಡಿಯದವನೂ ಕುಡಿದವನಂತಾಗಿರುತ್ತಾನೆ. ಪೊಲೀಸರ ಊದುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ.

ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಕಾರು 66 ಮೀ. ಕುರುಡಾಗಿ ಓಡಿರುತ್ತದೆ. ಎರಡೂವರೆ ಟನ್ನಿನ ಕಾರಾದರೆ ಅದರ ಚಲನ ಶಕ್ತಿ, ಅದೇ ವೇಗದ ಒಂದು ಟನ್ನಿನ ಸಣ್ಣ ಕಾರಿನದರ ಎರಡೂವರೆ ಪಟ್ಟು. ಮೆತ್ತನೆಯ ಸೀಟು ಇದನ್ನು ಬದಲಿಸುವುದಿಲ್ಲ.

ಕಳಲೆಯ ಆ ಮನೆಯವರು ಏನು ಮಾಡಬಹುದು? ಮೈಸೂರಿನಿಂದ ಹಳದಿ ಹಲಗೆಯ, ನೆಲದಿಂದ ತಕ್ಕಷ್ಟು ಎತ್ತರವಿರುವ ಒಂದು ಒಳ್ಳೆಯ ಕಾರು ಗೊತ್ತುಮಾಡಬಹುದು. ರಾತ್ರಿ ಊಟವಾದ ಮೇಲೆ ಬೀಗದ ಕೈ ಯಾರೂ ಕೇಳಬಾರದೆಂದು ಯಜಮಾನರೇ ಹೇಳಿಡಬಹುದು. ಛತ್ರದ ಕೋಣೆಗಳ ಪಟ್ಟಿಯಲ್ಲಿ ‘ಗಂಡಿನ ಕಡೆಯವರು’, ‘ಪುರೋಹಿತರು’, ‘ಅಡಿಗೆಯವರು’ ಎಂದು ಬರೆದಾದ ಮೇಲೆ, ಕಿರಿ ಮಗಳು ಕೆಳಗೆ ಇನ್ನೊಂದು ಸಾಲು ಸೇರಿಸಬಹುದು: ‘ಡ್ರೈವರಣ್ಣ — ಒಂದು ಚಾಪೆ, ದಿಂಬು, ಫ್ಯಾನು.’